ಏರ್ತಾ ಐತಾ, ಇಳೀತಾ ಐತಾ?

ಹೊಳೆನರಸೀಪುರದಿಂದ ಸ್ವಲ್ಪ ಆಚೆ, ಹೇಮಾವತಿ ದಂಡೆಗೇ ನಮ್ಮ ಗದ್ದೆ. ಒಂದು ಮಳೆಗಾಲ ಊರಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಆಫೀಸಿಂದ ಫೋನು: ಸರ್ವರ್ ತೆವಳ್ತಿದೆ. ಇದ್ದದ್ದು ಒಂದೇ ಕಡ್ಡಿ ಸಿಗ್ನಲ್ಲು. ಗ್ರಾಫುಗಳ ಡ್ಯಾಶ್‌ಬೋರ್ಡ್ ಗಿರಗಿರ ತಿರುಗ್ತಾನೇ ಇತ್ತು. ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು ‘ಟಾಪ್’ ಅಂತ ಕುಟ್ಟಿದೆ. 1984ರಲ್ಲಿ ಹುಟ್ಟಿದ ಟೂಲು, ಬರೀ ಅಕ್ಷರ, ತಕ್ಷಣ ಬಂತು. ಲೋಡ್ ಆವರೇಜ್ 19, 11, 4.

ಅಪ್ಪನೂ ಮಲಗಿರಲಿಲ್ಲ. “ಏನ್ಲಾ ಅವು?”

“ಸಾಲಲ್ಲಿ ಎಷ್ಟು ಕೆಲ್ಸ ಅವೆ ಅಂತ, ಅಪ್ಪಾ. ಒಂದು, ಐದು, ಹದಿನೈದು ನಿಮಿಷದ ಸರಾಸರಿ.”

“ಹಂಗಾದ್ರೆ ಏರ್ತಾ ಐತೆ.”

ಬಿಇ ಓದಿದ ನನಗೆ ಇದು ಹೊಳೆಯೋಕೆ ಎರಡು ವರ್ಷ ಹಿಡಿದಿತ್ತು. ಗೊರೂರು ಡ್ಯಾಮಿನ ಗರಿಷ್ಠ ಮಟ್ಟ 2,922 ಅಡಿ. ಅಪ್ಪ ಪೇಪರಲ್ಲಿ ಇಂದಿನ ಮಟ್ಟ ಓದಿ ಸುಮ್ಮನಾಗೋನಲ್ಲ. ಒಳಹರಿವು, ಹೊರಹರಿವು ಎರಡನ್ನೂ ನೋಡ್ತಾನೆ.

“ಬರಾದು ಜಾಸ್ತಿಯೋ, ಹೋಗಾದು ಕಟ್ಕಂಡೈತೋ?”

ನೋಡಿದರೆ ಸಿಪಿಯು ಖಾಲಿ ಕೂತಿದೆ! ಲಿನಕ್ಸ್‌ನಲ್ಲಿ ಡಿಸ್ಕಿಗೆ ಕಾಯೋ ಕೆಲಸಗಳೂ ಲೋಡ್ ಲೆಕ್ಕಕ್ಕೆ ಸೇರುತ್ತವೆ. ಯಾವುದೋ ಬ್ಯಾಕಪ್ ಡಿಸ್ಕನ್ನು ಹಿಡಿದು ಕೂತಿತ್ತು. ನಿಲ್ಲಿಸಿದೆ. ಮೊದಲ ಅಂಕಿ ಇಳಿಯತೊಡಗಿತು.

ಅಷ್ಟೊತ್ತಿಗೆ ಅಪ್ಪ ಟಾರ್ಚು ಹಿಡಿದು ಬಾಗಿಲಲ್ಲಿದ್ದ. ಸಂಜೆ ಗೊರೂರಲ್ಲಿ ಗೇಟು ತೆಗೆದಿದ್ದರು. ಲ್ಯಾಪ್‌ಟಾಪ್ ಮುಚ್ಚಿ ನಾನೂ ಗದ್ದೆ ಕಡೆ ಹೊರಟೆ.