ಹಿತ್ತಲಿನಲ್ಲೊಂದು ಬಿಡಾರ

ಬೆಂಗಳೂರಿನ ಬಸವನಗುಡಿಯಲ್ಲಿ ಹಿತ್ತಲುಳ್ಳ ಹಳೆಯ ಮನೆಗಳು ಈಗ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂತಹ ಒಂದು ಮನೆಯ ಹಿತ್ತಲಿಗೆ, ಜನವರಿಯ ಕೊನೆಯ ಶನಿವಾರ ಸಂಜೆ, ಎಂಟೂವರೆ ವರ್ಷದ ಅಕ್ಕನೂ ಐದು ವರ್ಷದ ತಮ್ಮನೂ ಗಂಟುಮೂಟೆಗಳೊಡನೆ ಪ್ರಯಾಣ ಬೆಳೆಸಿದರು. ಅಡಿಗೆಮನೆಯ ಬಾಗಿಲಿನಿಂದ ಬಿಡಾರದ ಸ್ಥಳಕ್ಕೆ ಇಪ್ಪತ್ತೆರಡು ಹೆಜ್ಜೆ. ಯುಗಾದಿ ಕಳೆದೊಡನೆ ಮನೆಯನ್ನು ಕೆಡವಿ ಐದು ಅಂತಸ್ತಿನ ಕಟ್ಟಡ ಎಬ್ಬಿಸುವುದೆಂದು ನಿಶ್ಚಯವಾಗಿದ್ದುದರಿಂದ, ಈ ಯಾತ್ರೆಯನ್ನು ಬೇಸಿಗೆಯ ರಜೆಗೆ ಮುಂದೂಡುವಂತಿರಲಿಲ್ಲ.

ಅಂಗಡಿಯಿಂದ ನೈಲಾನ್ ಡೇರೆಯೊಂದನ್ನು ತರುವುದಾಗಿ ತಂದೆ ಹೇಳಿದರು, ತಾತ ಒಪ್ಪಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಅಜ್ಜಿಯ ಅತ್ತೆಯವರ ಹದಿನೆಂಟು ಮೊಳದ ಸೀರೆ ಇಳಿಬಿದ್ದಿತು. ಇಬ್ಬನಿಗೆಂದು ಅದರ ಮೇಲೊಂದು ಟಾರ್ಪಾಲಿನ್. ಒಳಗೆ ಜಮಖಾನ, ಸೊಳ್ಳೆಪರದೆ. ಮಕ್ಕಳು ಆರಿಸಿದ ಜಾಗ ತೆಂಗಿನ ಮರದ ಬುಡ. ರಾತ್ರಿ ಕಾಯಿ ಬಿದ್ದರೆ ಗತಿಯೇನು? ಬಿಡಾರ ಸೀಬೆಮರದ ಆಚೆಗೆ ಸರಿಯಿತು. ಅಲ್ಲಿ ಗೂಟ ಹೊಡೆದರೆ ಒಂದು ಗೇಣು ಇಳಿದು ಠಣ್ಣೆಂದು ನಿಂತಿತು. ಕೆಳಗೆ ಬಂಡೆ! ಲಾಲ್‌ಬಾಗಿನ ಗುಡ್ಡದ ಕಲ್ಲಿಗೆ ಭೂವಿಜ್ಞಾನಿಗಳು ಸುಮಾರು 300 ಕೋಟಿ ವರ್ಷಗಳ ವಯಸ್ಸು ಹೇಳುತ್ತಾರೆ. ಅದರ ದಾಯಾದಿಯೇ ಇರಬೇಕು ಇದು, ಹುಡುಗನ ಸುತ್ತಿಗೆಗೆ ಜಗ್ಗಲಿಲ್ಲ. ಕೊನೆಗೆ ನಾಲ್ಕು ಇಟ್ಟಿಗೆಗಳೇ ಗತಿಯಾದವು.

ಈ ಮನೆತನಕ್ಕೆ ಬಯಲಿನ ವಾಸ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗುಮಾರಿ ಕಾಲಿಟ್ಟಾಗ, ಇಕ್ಕಟ್ಟಾದ ಪೇಟೆಯ ಬೀದಿಗಳ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಇಲಿ ಸತ್ತುಬಿದ್ದಿತೆಂದರೆ ಸಾಕು, ಇದ್ದ ಅನ್ನವನ್ನು ಅಲ್ಲಿಯೇ ಬಿಟ್ಟು ಹೊರಡುವುದು. ತಾತನ ಅಜ್ಜಿ ಆಗ ಚಿಕ್ಕ ಹುಡುಗಿ. ಗರಿಯ ಸೂರಿನ ಕೆಳಗೆ, ತಾಯಿಯ ಸೆರಗು ಹಿಡಿದು, ಬೆಳಗಾಗುವುದನ್ನೇ ಕಾದವಳು. ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ರೂಪುಗೊಂಡದ್ದು ಆ ಕಾಲದಲ್ಲಿಯೇ. ಅಗಲವಾದ ನೇರ ಬೀದಿ, ಮನೆಮನೆಯ ನಡುವೆ ಗಾಳಿಬೆಳಕಿಗೆ ಎಡೆ, ಹಿಂದೊಂದು ಹಿತ್ತಲು. ಅಂದಿನವರಿಗೆ ಹಿತ್ತಲು ಶೋಕಿಯಲ್ಲ. ಜೀವ ಉಳಿಸಿಕೊಳ್ಳುವ ಏರ್ಪಾಟು. ಇಂದಿನ ಲೆಕ್ಕದಲ್ಲಿ ಅದು ಬರಿಯ ಚದರಡಿ.

ಅಜ್ಜಿ ಮೊಸರನ್ನ ಕಲಸಿ ತಂದು ಕೈತುತ್ತು ಹಾಕಿದರು. ಎಣಿಸಿ ತಿನ್ನುವ ಹುಡುಗ ಅಂದು ಎಣಿಕೆ ಮರೆತ. ದೀಪ ಆರಿದ ಮೇಲೆ ಮಾತ್ರ ಅವನ ಧೈರ್ಯ ಕುಗ್ಗಿತು. ಸೀಬೆಹಣ್ಣಿಗೆ ಬಂದ ಬಾವಲಿಯೊಂದು ಎಲೆಗಳನ್ನು ಸದ್ದುಮಾಡಿ ಹಾರಿತು. ಹುಡುಗ ಸೊಳ್ಳೆಪರದೆಯೊಳಗೆ ಸೇರಿಕೊಂಡವನು, ನಕ್ಷತ್ರ ತೋರಿಸುವ ಆಸೆ ಹುಟ್ಟಿಸಿದ ಬಳಿಕವೇ ಹೊರಗೆ ತಲೆಯಿಟ್ಟನು.

ಚಂದ್ರನಿಲ್ಲದ ರಾತ್ರಿ. ಸಾಲಾಗಿ ಹೊಳೆಯುವ ಮೂರು ಚುಕ್ಕೆಗಳ ನೇರದಲ್ಲಿ ಕೆಳಗಿಳಿದರೆ ಲುಬ್ಧಕ. ಇರುಳಿನ ನಕ್ಷತ್ರಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದುದು. ಅದರ ಬೆಳಕು ಭೂಮಿಗೆ ತಲಪಲು ಸುಮಾರು ಎಂಟೂವರೆ ವರ್ಷ ಬೇಕೆಂದು ತಾತ ತಿಳಿಸಿದಾಗ ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಹಾಗಾದರೆ ತಾತ, ನಾನು ಹುಟ್ಟಿದಾಗ ಹೊರಟದ್ದು ಈಗ ಬಂತೇ?"

"ಹೌದಮ್ಮ. ದಾರಿಯಲ್ಲೆಲ್ಲೂ ನಿಲ್ಲದೆ ಬಂದಿದೆ."

ಪ್ರಭೆಯಲ್ಲಿ ಎರಡನೆಯದಾದ ಅಗಸ್ತ್ಯನನ್ನು ತೋರಿಸಲು ತಾತ ದಕ್ಷಿಣಕ್ಕೆ ಕೈಯೆತ್ತಿದರು. ಅಲ್ಲಿದ್ದುದು ಪಕ್ಕದ ನಿವೇಶನದ ಹೊಸ ಕಟ್ಟಡ. ಎತ್ತಿದ ಕೈಯನ್ನು ಇಳಿಸಲಾಗದೆ, "ಅಗೋ, ನಾಲ್ಕನೆಯ ಅಂತಸ್ತಿನವರ ಅಡಿಗೆಮನೆಯ ಹಿಂದೆ ಇದ್ದಾನೆ" ಎಂದರು. ಸಮುದ್ರವನ್ನೇ ಕುಡಿದ ಋಷಿ ಕಾಫಿಗೆ ಕಾದು ನಿಂತಂತೆ ಮಕ್ಕಳು ನಕ್ಕರು. ತಾತ ನಗಲಿಲ್ಲ, ಮಡಿಸುವ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದರು.

ಮೂರು ಗಂಟೆಯ ಸುಮಾರಿಗೆ ಹುಡುಗನಿಗೆ ಎಚ್ಚರವಾಯಿತು. ಒಳಗೆ ಅಮ್ಮನ ಬಳಿಗೆ ಹೋಗಬೇಕು. ತಾತ ಬೇಡವೆನ್ನದೆ ಕೈಹಿಡಿದು ನಡೆಸಿದರು. ಹುಲ್ಲು ಇಬ್ಬನಿಯಿಂದ ಒದ್ದೆಯಾಗಿತ್ತು. ಅಡಿಗೆಮನೆಯ ಮೆಟ್ಟಿಲಿನಲ್ಲಿ ಹುಡುಗ ಹಿಂದಿರುಗಿ ನೋಡಿ ನಿಂತ.

"ಅಲ್ಲಿ ಅಕ್ಕ ಒಬ್ಬಳೇ ಇದ್ದಾಳಲ್ಲ ತಾತ?"

ಇಬ್ಬರೂ ಇಪ್ಪತ್ತೆರಡು ಹೆಜ್ಜೆ ಹಿಂದಕ್ಕೆ ನಡೆದು ಬಂದರು.