ಅವಧಿ ಮೀರಿದ ಸಾಲುಗಳು

ಚಿಕ್ಕಪ್ಪನ ರಿಮೈಂಡರುಗಳೆಲ್ಲ ಮೊಬೈಲಿನಲ್ಲಲ್ಲ, ಲಿನಕ್ಸ್ ಕಂಪ್ಯೂಟರಿನ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿವೆ. ಒಂದು ಸಂಗತಿಗೆ ಒಂದು ಸಾಲು. ಡಯಾನ್ ಸ್ಕಾಲ್ ಬರೆದ ‘ರಿಮೈಂಡ್’ ಎಂಬ ಪ್ರೋಗ್ರಾಂ ಬೆಳಗ್ಗೆ ಅದನ್ನು ಓದಿ, ಆ ದಿನಕ್ಕೆ ಬೇಕಾದ್ದನ್ನಷ್ಟೇ ಹೇಳುತ್ತದೆ. ಇವತ್ತು ಹಳೇ ಸಾಲುಗಳನ್ನು ತೆಗೆಯುವ ಕಾರ್ಯಕ್ರಮ.

*

ಮುಗಿದ ಸಾಲಿನಿಂದ ತೊಂದರೆ ಏನು? ಏನೂ ಇಲ್ಲವಂತೆ. 2022ರ ವಿಮೆ ಕಂತಿನ ಸಾಲನ್ನು ಪ್ರೋಗ್ರಾಂ ಓದಿ ದಾಟಿಕೊಂಡು ಹೋಗುತ್ತದೆ. ಇಡೀ ಫೈಲು ಮೊಬೈಲಿನ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ. “ಮತ್ಯಾಕೆ ತೆಗೀತೀರಿ ಚಿಕ್ಕಪ್ಪ?” “ಕಣ್ಣಿಗೆ ಅಡ್ಡ ಬರುತ್ತಪ್ಪ.”

*

ಯುಗಾದಿಗೆ ಮೂರು ಸಾಲು: 9 ಏಪ್ರಿಲ್ 2024, 30 ಮಾರ್ಚ್ 2025, 19 ಮಾರ್ಚ್ 2026. ರಾಜ್ಯೋತ್ಸವಕ್ಕೆ ಒಂದೇ, 1 ನವೆಂಬರ್, ಇಸವಿ ಇಲ್ಲ. ಇಸವಿ ಬರೆಯದಿದ್ದರೆ ವರ್ಷವರ್ಷವೂ ತಾನೇ ಬರುತ್ತದೆ. ಚಾಂದ್ರಮಾನದ ಹಬ್ಬ, ತಾತನ ಶ್ರಾದ್ಧ ಇವಕ್ಕೆಲ್ಲ ಪ್ರತಿ ಸಲ ಪಂಚಾಂಗ ನೋಡಿ ಹೊಸ ಸಾಲು ಹಾಕಬೇಕು. ರಿಮೈಂಡ್‌ಗೆ ಯಹೂದಿ ಪಂಚಾಂಗ ಗೊತ್ತು, ಹುಣ್ಣಿಮೆ ಅಮಾವಾಸ್ಯೆಯೂ ಗೊತ್ತು. ನಡುವಿನ ತಿಥಿ ಮಾತ್ರ ಗೊತ್ತಿಲ್ಲ! ಹಾಗಾಗಿ ಈ ಮನೆಯ ಕಸದಲ್ಲಿ ಹಬ್ಬಗಳದ್ದೇ ದೊಡ್ಡ ಪಾಲು.

*

ಅವಧಿ ಮೀರಿದ್ದನ್ನು ಹೆಕ್ಕುವ ವ್ಯವಸ್ಥೆ ಪ್ರೋಗ್ರಾಮಿನಲ್ಲೇ ಇದೆ. ಆದರೆ ಮೂಲ ಫೈಲನ್ನು ಅದು ಮುಟ್ಟುವುದಿಲ್ಲ. ಚೊಕ್ಕ ಮಾಡಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಬರೆದಿಡುತ್ತದೆ, ಅದಲುಬದಲು ಮಾಡುವುದು ನಮ್ಮ ಜವಾಬ್ದಾರಿ. ಲೆಕ್ಕ ಹಾಕಿ ತಾರೀಕು ಹುಡುಕುವ ಕೆಲವು ಜಟಿಲ ಸಾಲುಗಳ ವಿಷಯದಲ್ಲಂತೂ ತೀರ್ಪು ಕೊಡಲು ಒಲ್ಲೆ ಎನ್ನುತ್ತದೆ. ನನಗೆ ಹಿಡಿಸಿತು.

*

“15 ಮಾರ್ಚ್, ಹಲ್ಲಿನ ಡಾಕ್ಟರು, 11 ಗಂಟೆ.” ಆ ಹಲ್ಲು ಕಿತ್ತು ಯಾವ ಕಾಲವಾಯಿತೋ. ಅವಸರದಲ್ಲಿ ಇಸವಿ ಹಾಕಿರಲಿಲ್ಲ, ಅದಕ್ಕೇ ಪ್ರತಿ ಮಾರ್ಚಿನಲ್ಲೂ ಡಾಕ್ಟರು ಕರೆಯುತ್ತಾರೆ. ಪ್ರೋಗ್ರಾಮಿನ ಲೆಕ್ಕದಲ್ಲಿ ಈ ಸಾಲು ಇನ್ನೂ ಜೀವಂತ. ಅದು ಹುಡುಕಿ ತೆಗೆಯುವುದೆಲ್ಲ ತೆಪ್ಪಗೆ ಬಿದ್ದಿರುವ ಸಾಲುಗಳನ್ನು. ಕಾಟ ಕೊಡುವ ಸಾಲು ಅದರ ಕಣ್ಣಿಗೇ ಬೀಳುವುದಿಲ್ಲ. ಹೀಗಾದರೆ ಈ ಸೌಲಭ್ಯ ಇದ್ದು ಏನು ಬಂತು?

1979ರ ಯುನಿಕ್ಸ್‌ನಲ್ಲಿದ್ದ ‘ಕ್ಯಾಲೆಂಡರ್’ ಎಂಬ ರಿಮೈಂಡರ್ ಪ್ರೋಗ್ರಾಂ ಇನ್ನೂ ಸರಳ. ಇವತ್ತಿನ, ನಾಳಿನ ತಾರೀಕಿನ ಸಾಲು ತೋರಿಸುವುದು. ವಾರಾಂತ್ಯ ಬಂದರೆ ಸೋಮವಾರದವರೆಗೆ. ಇಸವಿಯ ಗೊಡವೆಯೇ ಇಲ್ಲ. ಅಲ್ಲಿ ಅಳಿಸುವ ತನಕ ಯಾವುದೂ ಮುಗಿಯುವುದಿಲ್ಲ.

*

ಚಿಕ್ಕಪ್ಪ ನಾಲ್ಕಂಕಿಯ ಇಸವಿ ಇಲ್ಲದ ಸಾಲುಗಳನ್ನೆಲ್ಲ ಗ್ರೆಪ್ ಎಂಬ ಹುಡುಕುವ ಆಜ್ಞೆ ಹಾಕಿ ಹೊರಗೆಳೆದರು. ಒಂದೊಂದನ್ನೇ ಓದಿ ವಿಐ ಎಡಿಟರಿನಲ್ಲಿ ಸಾಲು ಅಳಿಸುವ ಡಿ ಡಿ ಒತ್ತುತ್ತಾ ಹೋದರು. ಡಾಕ್ಟರು ಹೋದರು, ಯಾವುದೋ ಗೃಹಪ್ರವೇಶ ಹೋಯಿತು. ಆಮೇಲೆ ಇದು: “20 ಆಗಸ್ಟ್, ಮರೀಬೇಡ.”

ಏನನ್ನು? ಚಿಕ್ಕಮ್ಮನನ್ನು ಕೇಳಿದರು. “ಬರ್ಕೊಂಡೋರು ನೀವು, ನನ್ನನ್ನ ಕೇಳ್ತೀರಲ್ಲ!”

ಡಿ ಡಿ ಒತ್ತಿದರು. ಸಾಲು ಹೋಯಿತು. ಮರುಕ್ಷಣವೇ ಯು ಒತ್ತಿ ವಾಪಸ್ ತಂದು, ಫೈಲು ಉಳಿಸಿ ಎದ್ದರು.