ಮರಿಗೆ ಮೈ ಬರುವ ಹೊತ್ತು

ಕುರಿಮರಿಯ ಬೆನ್ನ ಮೇಲೆ ಕೈಯಾಡಿಸಿ, ತಿಂದದ್ದು ಅದರ ಮೈಯಲ್ಲಿ ಎಲ್ಲಿಗೆ ಸೇರಿತೆಂದು ತಿಳಿಯುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನೆಲುಬಿನ ಎರಡೂ ಬದಿಗೆ ಬೆರಳೊತ್ತಬೇಕು. ಎಲುಬು ಚುಚ್ಚಿದರೆ ಮರಿ ಸೊರಗಿದೆ. ಗಟ್ಟಿಯಾಗಿ ತುಂಬಿಕೊಂಡಿದ್ದರೆ ಖಂಡ, ಮೆತ್ತಗೆ ಜಾರಿದರೆ ಕೊಬ್ಬು.

ಭಾಲ್ಕಿ ಕಡೆ ನಮ್ಮದು ಕರಿ ಡೆಕ್ಕನಿ ಕುರಿ. ಎಳೆಯ ಮೈಯಲ್ಲಿ ಮೊದಲು ಎಲುಬು ಬಲಿಯುತ್ತದೆ, ಆಮೇಲೆ ಖಂಡ, ಕಡೆಗೆ ಕೊಬ್ಬು. ಖಂಡದ ಪಾಳಿ ಬಂದಾಗ ಪ್ರೋಟೀನು ಸಾಲದೆ ಬರೀ ಜೋಳ ಸಿಕ್ಕರೆ ಹೊಟ್ಟೆಯೇನೋ ತುಂಬುತ್ತದೆ, ಮಿಕ್ಕ ಶಕ್ತಿ ಕೊಬ್ಬಾಗಿ ಕೂರುತ್ತದೆ.

ಹುಟ್ಟಿದ ಮರಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿದ್ದರೂ ದುಡಿಯುವುದು ನಾಲ್ಕನೆಯದೊಂದೇ. ಗಿಣ್ಣದ ಹಾಲು ನೇರ ಅಲ್ಲಿಗೇ ಇಳಿಯುತ್ತದೆ. ಹಸುವಿನ ಹಾಲಿಗಿಂತ ಕುರಿಯ ಹಾಲಿನಲ್ಲಿ ಪ್ರೋಟೀನು ಹೆಚ್ಚು. ಮೊದಲ ವಾರಗಳಲ್ಲಿ ಅದಕ್ಕೆ ಸಮನಾದ ಮೇವಿಲ್ಲ. 6–8 ವಾರಕ್ಕೆ ಮೊದಲ ಕೋಣೆ ಕೆಲಸಕ್ಕೆ ನಿಲ್ಲುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಮೇವಿನ ಸಾರಜನಕದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ; ಮುಂದಿನ ಕೋಣೆಗಳಲ್ಲಿ ಮರಿ ಅವನ್ನೇ ಅರಗಿಸಿಕೊಂಡು ತನ್ನ ಮೈ ಕಟ್ಟುತ್ತದೆ. ಈ ಏರ್ಪಾಡನ್ನು ನೆನೆದಾಗಲೆಲ್ಲ ಬೆರಗಾಗುತ್ತೇನೆ.

ದೊಡ್ಡಿಯ ಮೂಲೆಗೆ ಬಿದಿರಿನ ಅಡ್ಡ ಕಟ್ಟಿ, ಮರಿಯಷ್ಟೇ ನುಸುಳುವ ಸಂದು ಬಿಟ್ಟಿದ್ದೇನೆ. ಒಳಗಿನ ಬೋಗುಣಿಯಲ್ಲಿ ಜೋಳದ ನುಚ್ಚು, ಶೇಂಗಾ ಹಿಂಡಿ, ದಾಲ್ ಮಿಲ್ಲಿನ ತೊಗರಿ ಚುನ್ನಿ, ಚಿಟಿಕೆ ಉಪ್ಪು, ಖನಿಜ ಮಿಶ್ರಣ. ಎಲ್ಲ ಸೇರಿ ಪ್ರೋಟೀನು ಶೇ 18–20 ಇರಬೇಕು. ತಾಯಂದಿರು ಹೊರಗೆ ಮೂತಿ ಚಾಚಿ ಒದರುತ್ತವೆ. ಮರಿಗಳು ಬಾಲ ಕುಣಿಸುತ್ತ, ಮೂಗಿಗೆ ಹಿಂಡಿಯ ಪುಡಿ ಮೆತ್ತಿಕೊಂಡು ಮೇಯುತ್ತವೆ. ನುಚ್ಚನ್ನು ಒಮ್ಮೆಲೇ ಏರಿಸುವುದಿಲ್ಲ. ಏರಿಸಿದರೆ ಕರುಳುಬೇನೆಯ ಭಯ. ಹಿಂಡಿ ಅತಿಯಾದರೂ ಲಾಭವಿಲ್ಲ: ಹೆಚ್ಚಾದ ಪ್ರೋಟೀನು ಯಕೃತ್ತಿನಲ್ಲಿ ಯೂರಿಯಾ ಆಗಿ ಮೂತ್ರದಲ್ಲಿ ಹರಿದುಹೋಗುತ್ತದೆ.

ನಮ್ಮ ಓಣಿಯ ಹಿರಿಯ ಕುರಿಗಾರ ಕಾಕಾ ಒಮ್ಮೆ ನನ್ನ ಮರಿಗಳನ್ನು ಮುಟ್ಟಿ ನೋಡಿ ಹೇಳಿದ್ದರು: “ತಮ್ಮಾ, ಮರಿಗಿ ಮೈ ಬರಬೇಕಂದ್ರ ಮೊದಲ ಗಬ್ಬದ ಕುರಿಗಿ ಹಾಕು.” ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಓದುವ ಹುಡುಗರು ಪುಸ್ತಕದಲ್ಲಿ ಕಲಿಯುವುದೂ ಇದನ್ನೇ. ಖಂಡದ ಎಳೆಗಳೆಷ್ಟೆಂಬುದು ಹುಟ್ಟುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಹುಟ್ಟಿದ ಮೇಲೆ ನಾವು ತಿನ್ನಿಸಿ ಆ ಎಳೆಗಳನ್ನು ದಪ್ಪ ಮಾಡಬಹುದು, ಹೆಚ್ಚಿಸಲಾಗದು. ಹಿಂಡಿಯ ದರ ಏರಿದ ವರ್ಷ ಎಲ್ಲರೂ ಮೊದಲು ಕೈ ಹಿಡಿಯುವುದು ಗಬ್ಬದ ಕುರಿಯ ಪಾಲಿಗೇ. ಕೈ ಹಿಡಿಯಬಾರದ ಪಾಲೂ ಅದೇ.